ಡಿಕ್ಕಿಯಲ್ಲಿ ಸ್ಪುಟ್ನಿಕ್, ಬೆನ್ನಿಗೆ ಸೂರ್ಯ

ಗೋಳವೇನೋ ಡಿಕ್ಕಿಯಲ್ಲಿ ಸಲೀಸಾಗಿ ಕೂತಿತು. ಮೀಸೆಗಳು ಕೂರಲಿಲ್ಲ.

ಸ್ಪುಟ್ನಿಕ್ 1ರ ಮಾದರಿ ನಿಜ ಗಾತ್ರದಲ್ಲೇ ಇರಬೇಕು ಅಂತ ಹಟ ಹಿಡಿದವನು ನಾನೇ. 1957ರ ಅಕ್ಟೋಬರ್ 4ರಂದು ಮೇಲೇರಿದ, ಜಗತ್ತಿನ ಮೊದಲ ಆ ಕೃತಕ ಉಪಗ್ರಹದ ಅಡ್ಡಳತೆ ಬರೀ 58 ಸೆಂ.ಮೀ. ಕಾಗದ, ಗೋಂದು, ಬೆಳ್ಳಿ ಬಣ್ಣ ಇದ್ದರೆ ಸಾಕು. ನಿಜವಾದದ್ದು 83.6 ಕೆ.ಜಿ. ತೂಗುತ್ತಿತ್ತು. ನಮ್ಮದನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು. ಆದರೆ ಅದಕ್ಕೆ ನಾಲ್ಕು ಆಂಟೆನಾ. ಎರಡು 2.4 ಮೀಟರ್, ಇನ್ನೆರಡು 2.9 ಮೀಟರ್. ಹೊರಡುವ ಹಿಂದಿನ ರಾತ್ರಿ ಗೆಳೆಯ ಗರಗಸ ಹಿಡಿದು ಕೂತ. ಒಂದೊಂದನ್ನೂ ಮೂರು ತುಂಡು ಮಾಡಿ, ಒಂದಕ್ಕೊಂದು ಸಿಕ್ಕಿಸುವ ಹಾಗೆ ಮಾಡಿದ. ಒಟ್ಟು ಹನ್ನೆರಡು ತುಂಡು.

ನಮ್ಮ ಲೆಕ್ಕ ಸರಳವಾಗಿತ್ತು. ಐದು ದಿನ, ನಾಲ್ಕು ಶಾಲೆ, ಒಂದು ಹಳೆ ಕಾರು, ಬಾಹ್ಯಾಕಾಶ ಯಾನದ ಕಥೆ ಹೇಳುವ 24 ಫಲಕ. ಇಂಥ ತಿರುಗಾಟಕ್ಕೆ ಹೊರಟವರಲ್ಲಿ ನಾವೇನೂ ಮೊದಲಿಗರಲ್ಲ. 1962ರ ಫೆಬ್ರವರಿ 20ರಂದು ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಫ್ರೆಂಡ್‌ಶಿಪ್ 7 ನೌಕೆಯಲ್ಲಿ ಭೂಮಿಗೆ ಮೂರು ಸುತ್ತು ಹಾಕಿ ಬಂದರು. ಆಮೇಲೆ ಆ ನೌಕೆಯನ್ನೇ ದೇಶದಿಂದ ದೇಶಕ್ಕೆ ಪ್ರದರ್ಶನಕ್ಕೆ ಕಳಿಸಿದರು. ಆ ಪ್ರವಾಸಕ್ಕೆ 'ನಾಲ್ಕನೇ ಸುತ್ತು' ಅಂತಲೇ ಹೆಸರು ಬಿತ್ತು. ನಮ್ಮದನ್ನು ಎಷ್ಟನೇ ಸುತ್ತು ಅನ್ನಬೇಕೋ!

ಮೊದಲ ಶಾಲೆಯಲ್ಲಿ ನಮ್ಮ ಸೊಕ್ಕು ಇಳಿಯಿತು. ಉದ್ದನೆಯ ಕೋಣೆಯಲ್ಲಿ 24 ಫಲಕಗಳನ್ನೂ ಸಾಲಾಗಿ ನೇತುಹಾಕಿದ್ದೆವು. ಒಂದೊಂದರಲ್ಲೂ ಮೂರು ಪ್ಯಾರಾ. ಮಕ್ಕಳು ಬಸ್ಸು ತಪ್ಪುತ್ತದೆ ಅನ್ನೋ ಹಾಗೆ ಅವುಗಳ ಮುಂದೆ ಓಡಿ, ಸ್ಪುಟ್ನಿಕ್ ಹತ್ತಿರ ಗುಂಪುಗೂಡಿದರು. "ಇಷ್ಟೇನಾ?" ಅಂತ ಒಬ್ಬಳು ಕೇಳಿದಳು. ತಿಂಗಳುಗಟ್ಟಲೆ ಕೂತು ಬರೆದ ಸಾಲುಗಳನ್ನು ಯಾರೂ ಓದಲಿಲ್ಲ. ಶಿಕ್ಷಕರೂ ಓದಲಿಲ್ಲ. ಆ ರಾತ್ರಿ ಒಂಬತ್ತು ಫಲಕ ಮಡಚಿ ಸೀಟಿನ ಕೆಳಗೆ ತಳ್ಳಿದೆವು.

ಎರಡನೇ ಊರಿಗೆ ಘಾಟಿ ದಾರಿ. ಅಂಟಿಸಿದ್ದೆಲ್ಲ ಬಿಸಿಲಿಗೆ ಬಿಟ್ಟುಕೊಂಡಿತು. ಅದನ್ನು ಸರಿ ಮಾಡುವಷ್ಟು ಹೊತ್ತು ಮಕ್ಕಳನ್ನು ಸುಮ್ನೆ ಕೂರಿಸಬೇಕಲ್ಲ. ಶಾಲೆಯಲ್ಲಿದ್ದ ಬ್ಯಾಸ್ಕೆಟ್‌ಬಾಲ್ ಮತ್ತು ಟೆನಿಸ್ ಚೆಂಡು ತಂದೆ. ದೊಡ್ಡದು ಭೂಮಿ, ಚಿಕ್ಕದು ಚಂದ್ರ. ಗಾತ್ರದ ಹೋಲಿಕೆ ಬಹುತೇಕ ಸರಿ ಇದೆ. "ಎಷ್ಟು ದೂರ ಇಡಲಿ?" ಅಂತ ಕೇಳಿದರೆ ಎಲ್ಲರೂ ಒಂದು ಮೊಳ, ಎರಡು ಮೊಳ ಅಂದರು. ನಿಜಕ್ಕೂ 7 ಮೀಟರಿಗಿಂತ ಸ್ವಲ್ಪ ಜಾಸ್ತಿ. ಚೆಂಡು ಹಿಡಿದ ಹುಡುಗ ಹಿಂದಕ್ಕೆ ನಡೆಯುತ್ತಾ ನಡೆಯುತ್ತಾ ಬಾಗಿಲು ದಾಟಿ ಜಗಲಿಗೆ ಹೋದ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೋದು 400 ಕಿ.ಮೀ. ಮೇಲೆ. ಅಂದರೆ ಈ ಚೆಂಡಿನ ಮೈಯಿಂದ 8 ಮಿಲಿಮೀಟರ್ ಕೂಡ ಇಲ್ಲ! 1972ರ ಡಿಸೆಂಬರಿನಲ್ಲಿ ಅಪೊಲೊ 17 ಚಂದ್ರನಿಂದ ಹೊರಟ ಮೇಲೆ ಮನುಷ್ಯ ಮತ್ತೆ ಅಲ್ಲಿ ಕಾಲಿಟ್ಟಿಲ್ಲ. ಆ ದಾರಿ ಎಷ್ಟು ಉದ್ದ ಅನ್ನೋದನ್ನು ಜಗಲಿಯ ಆ ಹುಡುಗ ನಮ್ಮ ಫಲಕಕ್ಕಿಂತ ಚೆನ್ನಾಗಿ ತೋರಿಸಿದ.

ಗೆಳೆಯನಿಗೆ ಅಲ್ಲಿಂದ ಹುಚ್ಚು ಹಿಡಿಯಿತು. ಇದೇ ಅಳತೆಯಲ್ಲಿ ಸೂರ್ಯ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕಿದ. 2.8 ಕಿ.ಮೀ. ಆಚೆ, 26 ಮೀಟರ್ ಅಗಲದ ಗೋಳ. ಶಾಲೆಯಿಂದ ಹೊರಟು ಕಾರಿನ ಮೀಟರ್ ನೋಡುತ್ತಾ ಓಡಿಸಿದೆವು. ಸರಿಯಾಗಿ 2.8 ಕಿ.ಮೀ.ಗೆ ರಸ್ತೆಯ ತಿರುವಿನಲ್ಲಿ ಒಂದು ದೊಡ್ಡ ಬಂಡೆ ಸಿಕ್ಕಿತು. ಇಳಿದು ಹಿಂದಕ್ಕೆ ನೋಡಿದೆ. ಚೆಂಡು ಹಾಗಿರಲಿ, ಶಾಲೆಯೇ ಕಾಣಲಿಲ್ಲ.

ಮೂರನೇ ಕಡೆ ಮಳೆ. ಅಂಗಳದಲ್ಲಿ ಬರೆಯಬೇಕಿದ್ದ ವೃತ್ತವನ್ನು ಒಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಅಡ್ಡಳತೆ 2.3 ಮೀಟರ್. 1961ರ ಏಪ್ರಿಲ್ 12ರಂದು ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ ಕೂತಿದ್ದ ವೊಸ್ಟೋಕ್ ನೌಕೆಯ ಗೋಳದ ಅಗಲ ಅಷ್ಟೇ. ಇಡೀ ಯಾನ 108 ನಿಮಿಷ. ಇಳಿಯುವಾಗ ಸುಮಾರು 7 ಕಿ.ಮೀ. ಎತ್ತರದಲ್ಲಿ ಅವರು ಗೋಳದಿಂದ ಹೊರಚಿಮ್ಮಿ, ಬೇರೆಯೇ ಪ್ಯಾರಾಚೂಟ್‌ನಲ್ಲಿ ಇಳಿದರು. ಈ ಸಂಗತಿಯನ್ನು ಸೋವಿಯತ್ ಒಕ್ಕೂಟ ವರ್ಷಗಟ್ಟಲೆ ಮುಚ್ಚಿಟ್ಟಿತ್ತು.

ಮುಚ್ಚಿಡೋದರಲ್ಲಿ ನಾವೂ ಕಡಿಮೆ ಇರಲಿಲ್ಲ. ಲೈಕಾ ನಾಯಿಯ ಫಲಕದಲ್ಲಿ 'ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ, 1957 ನವೆಂಬರ್ 3' ಅಂತ ಬರೆದು ಕೈತೊಳೆದುಕೊಂಡಿದ್ದೆವು. ಹೋದಲ್ಲೆಲ್ಲ ಮಕ್ಕಳ ಮೊದಲ ಪ್ರಶ್ನೆ ಒಂದೇ: ವಾಪಸ್ ಬಂತಾ? ಎರಡು ಕಡೆ ತಡವರಿಸಿದೆ. ಇಲ್ಲಿ ಮಾರ್ಕರ್ ತಗೊಂಡು ಕೆಳಗೆ ಬರೆದೆ: 'ಬರಲಿಲ್ಲ. ಕರೆತರುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಶಾಖ ತಾಳದೆ ಸತ್ತಿತು.' ಕೊನೆಯ ಸಾಲಿನ ಸತ್ಯ ಹೊರಬಂದದ್ದು 2002ರಲ್ಲಿ. ಎರಡನೇ ಪ್ರಶ್ನೆ ಶೌಚದ್ದು, ಅದಕ್ಕಂತೂ ನಮ್ಮಲ್ಲಿ ಫಲಕವೇ ಇರಲಿಲ್ಲ. ಅಮೆರಿಕದ ಗಗನಯಾತ್ರಿ ಅಲನ್ ಶೆಪರ್ಡ್ 1961ರ ಮೇ 5ರಂದು ಹಾರಿದ್ದು 15 ನಿಮಿಷ, ಉಡಾವಣೆಗೆ ಕಾದದ್ದು ಗಂಟೆಗಟ್ಟಲೆ, ಕೊನೆಗೆ ಉಡುಪಿನೊಳಗೇ ಮೂತ್ರ ಮಾಡಬೇಕಾಯಿತು ಅಂತ ಹೇಳಿದಾಗ ಇಡೀ ಕೋಣೆ ನಕ್ಕಿತು. ಅದನ್ನೂ ರಟ್ಟಿನ ಮೇಲೆ ಬರೆದು ತೂಗುಹಾಕಿದೆವು.

ದೊಡ್ಡವರು ಹೆಚ್ಚು ಹೊತ್ತು ನಿಂತದ್ದು 1981ರ ಒಂದು ಫೋಟೊ ಮುಂದೆ. ಎತ್ತಿನ ಗಾಡಿಯ ಮೇಲೆ ಇಸ್ರೋದ ಆ್ಯಪಲ್ ಉಪಗ್ರಹ. "ಪಾಪ, ಆಗ ಲಾರಿಗೂ ದುಡ್ಡಿರಲಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ವಿಷಯ ಅದಲ್ಲ. ಲೋಹದ ವಾಹನದ ಮೇಲಿಟ್ಟರೆ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತಿತ್ತು, ಮರದ ಗಾಡಿಯಾದರೆ ಆ ತೊಂದರೆ ಇಲ್ಲ. ಜಾಣತನದ ಚಿತ್ರವನ್ನು ಬಡತನದ ಚಿತ್ರ ಅಂದುಕೊಂಡುಬಿಟ್ಟಿದ್ದೇವೆ, ಅಲ್ವಾ?

ನಾಲ್ಕನೇ ಶಾಲೆಗೆ ತಲುಪುವಾಗ ಉಳಿದದ್ದು 11 ಫಲಕ, ಎರಡು ಚೆಂಡು, ಸೀಮೆಸುಣ್ಣ, ಒಂದು ಸ್ಪೀಕರ್. ಸ್ಪೀಕರ್ ವಾಯೇಜರ್‌ಗಾಗಿ. 1977ರಲ್ಲಿ ಹೊರಟು ದೂರದ ಗ್ರಹಗಳನ್ನೂ ದಾಟಿ ಹೋದ ಆ ಅವಳಿ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ಧ್ವನಿತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಒಂದು ಕನ್ನಡದ್ದು: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಕೇಳಿದವರೆಲ್ಲ ಇನ್ನೊಂದು ಸಲ ಹಾಕಿ ಅಂದರು. ಬ್ಯಾಟರಿ ಮುಗಿಯುವವರೆಗೂ ಹಾಕಿದೆವು.

ವಾಪಸ್ ಬರುವಾಗ ಗೆಳೆಯ ಮತ್ತೆ ಲೆಕ್ಕಕ್ಕೆ ಕೂತ. ವಾಯೇಜರ್ 1 ಈಗ 2,500 ಕೋಟಿ ಕಿ.ಮೀ. ದಾಟಿದೆ. ನಮ್ಮ ಬ್ಯಾಸ್ಕೆಟ್‌ಬಾಲ್ ಅಳತೆಯಲ್ಲಿ 470 ಕಿ.ಮೀ. ಕಾರಿನ ಮೀಟರ್ ನೋಡಿದೆ. ಹೊರಟಾಗಿನಿಂದ 431 ಓಡಿದ್ದೆವು.

"ಇನ್ನು 40 ಅಷ್ಟೇ" ಅಂದೆ.

"ಸೆಕೆಂಡಿಗೆ 17 ಕಿ.ಮೀ. ಓಡ್ತಾ ಇದೆ ಅದು. ಈ ಐದು ದಿನದಲ್ಲಿ ನಮ್ಮ ಲೆಕ್ಕಕ್ಕೆ ಇನ್ನೂ 140 ಮೀಟರ್ ಮುಂದೆ ಹೋಯ್ತು" ಅಂದ.

ಮನೆ ಮುಂದೆ ಡಿಕ್ಕಿ ತೆಗೆದು ಆಂಟೆನಾ ತುಂಡುಗಳನ್ನು ಎಣಿಸಿದೆವು. ಹನ್ನೊಂದು.