ಎದೆಗೆ ಮಿಷನ್ ಹಾಕ್ಸಿದ್ರಾ?

ಈ ವಾರ ದೊಡ್ಡಪ್ಪ ಹೋದರು. ವಯಸ್ಸಾಗಿತ್ತು, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಸಾವಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರೆಲ್ಲ ಎಲ್ಲಿ ಸುಡುವುದು ಅನ್ನುವುದರ ಮೇಲೆ.

ತೀರ್ಥಹಳ್ಳಿ ಕಡೆಯ ಮಳೆಗಾಲ ಗೊತ್ತಲ್ಲ. ನಮ್ಮ ಮನೆಯವರನ್ನು ಮೊದಲಿಂದಲೂ ತೋಟದಾಚೆಯ ಸ್ವಂತ ಜಾಗದಲ್ಲೇ ಸುಡುವುದು. ಒಂದು ಚಿತೆಗೆ ಒಣ ಸೌದೆಯೇ 300-400 ಕೆ.ಜಿ. ಬೇಕು. ಈ ಸಲ ಕೊಟ್ಟಿಗೆಯೊಳಗಿನ ಸೌದೆಯೂ ತೇವ ಎಳೆದುಕೊಂಡಿತ್ತು. ಅರ್ಧ ಉರಿದು ನಂದಿಹೋದರೆ ಅದಕ್ಕಿಂತ ಸಂಕಟ ಬೇರೆ ಇಲ್ಲ. ಶಿವಮೊಗ್ಗದ ಚಿತಾಗಾರಕ್ಕೆ ಒಯ್ಯೋಣ, ಮೇಲೆ ಮಾಡು ಇರುತ್ತದೆ ಎಂದ ಸಣ್ಣಣ್ಣ.

ಆಗ ಶುರುವಾಯಿತು ನೋಡಿ. ಸ್ವಂತ ನೆಲ ಇಟ್ಟುಕೊಂಡು ಪೇಟೆಗೆ ಯಾಕೆ? ಪೇಟೆಯಲ್ಲಿ ಬೇರೆಯವರ ಬೂದಿ ಬೆರೆತರೆ? ಕರೆಂಟಿನ ಒಲೆಯಾದರೆ ಅಸ್ಥಿ ಸಿಗುತ್ತದೋ ಇಲ್ಲವೋ? (ಸಿಗುತ್ತದೆ. ಆ ಒಲೆ 800 ಡಿಗ್ರಿ ದಾಟಿದರೂ ಮೂಳೆಯ ಸುಣ್ಣದ ಅಂಶ ಉಳಿದೇ ಉಳಿಯುತ್ತದೆ. ಒಮ್ಮೆಗೆ ಒಂದೇ ದೇಹ ಇಡುವುದರಿಂದ ಬೆರೆಯುವ ಭಯ ಇಲ್ಲ.) ಹೆಂಗಸರು ಬರಬಹುದಾ ಅಂತ ಯಾರೂ ಕೇಳಲಿಲ್ಲ. ಅದು ಪ್ರಶ್ನೆಯೇ ಅಲ್ಲ ಎಂಬಂತೆ ಚಿಕ್ಕಪ್ಪ "ನೀವೆಲ್ಲ ಮನೇಲೇ ಇರಿ, ಮಳೆ ಬೇರೆ" ಎಂದರು. ಮಳೆ ಗಂಡಸರಿಗೆ ಮಾತ್ರ ಬಿಡುವು ಕೊಡುತ್ತದಾ ಏನೋ.

ಅತ್ತಿಗೆ ಮಾತ್ರ ಬಂದರು. ಸಣ್ಣಣ್ಣನ ಹೆಂಡತಿ. ಬಂದಿದ್ದು ಹಟಕ್ಕಲ್ಲ. ದೊಡ್ಡಪ್ಪನ ಆಧಾರ್ ಕಾರ್ಡು, ಡಾಕ್ಟರ ಚೀಟಿ, ಆಸ್ಪತ್ರೆಯ ಫೈಲು ಎಲ್ಲ ಅವರ ಬ್ಯಾಗಿನಲ್ಲಿತ್ತು. ಯಾವುದು ಎಲ್ಲಿದೆ ಅಂತ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಚಿತಾಗಾರದಲ್ಲಿ ಸೌದೆ ಜೋಡಿಸುವಾತ ಕೆಲಸ ನಿಲ್ಲಿಸಿ ಕೇಳಿದ: "ಎದೆಗೆ ಮಿಷನ್ ಏನಾದ್ರೂ ಹಾಕ್ಸಿದ್ರಾ ಸರ್?"

ದೊಡ್ಡಣ್ಣ ತಕ್ಷಣ, "ಇಲ್ಲ ಇಲ್ಲ. ಅಂಥದ್ದೇನಿಲ್ಲ" ಎಂದ.

ಹಿಂದಿನಿಂದ ಅತ್ತಿಗೆ ಹೇಳಿದರು: "ಇದೆ. ಎಡಗಡೆ."

ಆಮೇಲಿಂದ ಇದೊಂದೇ ನನ್ನ ತಲೆಯಲ್ಲಿ ತಿರುಗುತ್ತಿದೆ. ಇಲ್ಲ ಇಲ್ಲ. ಇದೆ, ಎಡಗಡೆ. ದೊಡ್ಡಣ್ಣ ತಿರುಗಿ ಅತ್ತಿಗೆಯನ್ನು ನೋಡಿದ ರೀತಿ ನೋಡಬೇಕಿತ್ತು. "ಅದು ಆಂಜಿಯೋ ಅಲ್ವಾ ಮಾಡಿಸಿದ್ದು?" ಎಂದ. ಅತ್ತಿಗೆ ಫೈಲಿನಿಂದ, ಎದೆಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರಿನ ಕಾರ್ಡು ತೆಗೆದು ಕೊಟ್ಟರು. ಒಂದು ಮಾತು ಹೆಚ್ಚು ಆಡಲಿಲ್ಲ.

ದೊಡ್ಡಣ್ಣ ಕೆಟ್ಟವನಲ್ಲ. ಬೆಂಗಳೂರಿನಲ್ಲಿದ್ದಾನೆ, ಆಸ್ಪತ್ರೆಯ ಬಿಲ್ಲು ಅವನೇ ಕಟ್ಟಿದ್ದ. ಬಿಲ್ಲಿನ ಮೊತ್ತ ಇವತ್ತಿಗೂ ಬಾಯಿಪಾಠ. ಅಪ್ಪನ ಎದೆಯೊಳಗೆ ಎಂತ ಇಟ್ಟಿದ್ದಾರೆ ಅನ್ನುವುದಷ್ಟೇ ಗೊತ್ತಿಲ್ಲ.

ಮಿಷನ್ ಇದ್ದರೆ ಏನಾಗುತ್ತದೆ ಅಂತ ಆ ಮನುಷ್ಯನೇ ವಿವರಿಸಿದ. ಅದರೊಳಗೆ ಬ್ಯಾಟರಿ ಇರುತ್ತದೆ, ಸುತ್ತಲೂ ಲೋಹದ ಮುಚ್ಚಳ. ಬೆಂಕಿಗೆ ಬ್ಯಾಟರಿ ಬಿಸಿಯಾಗಿ ಒಳಗೆ ಗಾಳಿ ಉಬ್ಬುತ್ತದೆ, ಹೊರಬರಲು ದಾರಿ ಇಲ್ಲ, ಸಿಡಿಯುತ್ತದೆ. ಮುಚ್ಚಿದ ಒಲೆಯಾದರೆ ಒಳಗಿನ ಇಟ್ಟಿಗೆಯೇ ಒಡೆಯಬಹುದು, ಬಯಲು ಚಿತೆಯಾದರೆ ಹತ್ತಿರ ನಿಂತವರಿಗೆ ಪೆಟ್ಟು. ಮನೆಗೆ ಬಂದು ಓದಿದೆ, ಇಂಗ್ಲೆಂಡಿನ ಒಂದು ಚಿತಾಗಾರದಲ್ಲಿ 1976ರಲ್ಲೇ ಹೀಗೆ ಸಿಡಿದಿತ್ತು. ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟಿಗೆ ಈ ಭಯ ಇಲ್ಲ. ಮೊಣಕಾಲಿಗೆ ಹಾಕಿದ ಸ್ಟೀಲೂ ಸುಮ್ನೆ ಬೂದಿಯಲ್ಲಿ ಉಳಿಯುತ್ತದೆ. ಮಣ್ಣು ಮಾಡುವವರಿಗಂತೂ ಈ ಚಿಂತೆಯೇ ಬೇಡ.

ಸ್ವಲ್ಪ ಯೋಚಿಸಿ. ಮಳೆ ಇಲ್ಲದಿದ್ದರೆ ತೋಟದಾಚೆಯೇ ಸುಡುತ್ತಿದ್ದೆವು. ಅಲ್ಲಿ ಕೇಳುವವರು ಯಾರೂ ಇರುತ್ತಿರಲಿಲ್ಲ. ಅತ್ತಿಗೆ ಮನೆಯಲ್ಲಿ ಇರುತ್ತಿದ್ದರು. ಚಿತೆಯ ತಲೆಯ ಕಡೆ ದೊಡ್ಡಣ್ಣ ನಿಂತಿರುತ್ತಿದ್ದ.

ಆಮೇಲೆ ಆಸ್ಪತ್ರೆ ಹುಡುಕಾಟ. ಮೊದಲು ಹೋದ ಕಡೆ "ನಮ್ಮ ಪೇಶೆಂಟ್ ಅಲ್ಲವಲ್ಲ" ಎಂದು ಕಳಿಸಿದರು. ಇನ್ನೊಂದು ಕಡೆ ಒಬ್ಬ ಎಳೆ ವಯಸ್ಸಿನ ಡಾಕ್ಟರು ಒಪ್ಪಿಕೊಂಡರು. ಕೆಲಸ ದೊಡ್ಡದೇನಲ್ಲ. ಕತ್ತಿನ ಬುಡದ ಅಡ್ಡ ಮೂಳೆಯ (ಕಾಲರ್ ಬೋನ್) ಕೆಳಗೆ ಸಣ್ಣದಾಗಿ ಕೊಯ್ದು, ವಯರು ಕತ್ತರಿಸಿ, ಡಬ್ಬಿ ತೆಗೆದು ಹೊಲಿಯುವುದು. ಶಾಕ್ ಕೊಡುವ ಥರದ ಮಿಷನ್ ಆಗಿದ್ದರೆ ಮೊದಲು ಆಫ್ ಮಾಡಬೇಕಂತೆ, ಇಲ್ಲದಿದ್ದರೆ ತೆಗೆಯುವವರ ಕೈಗೇ ಹೊಡೆಯಬಹುದು. ನಮ್ಮದು ಅದಲ್ಲ ಅಂತ ಕಾರ್ಡಿನಲ್ಲೇ ಬರೆದಿತ್ತು.

"ಹೋದವರನ್ನೂ ಕೊಯ್ಯಿಸಬೇಕಾ ಮಾರಾಯ್ರೆ" ಅಂತ ಚಿಕ್ಕಪ್ಪ ಗೊಣಗಿದರು. ಅತ್ತಿಗೆ ಅದಕ್ಕೂ ಸುಮ್ಮನಿದ್ದರು. ಹಾಕುವಾಗ ಆಸ್ಪತ್ರೆಯಲ್ಲಿ ಜೊತೆಗಿದ್ದದ್ದು ಅವರು. ಹೊಲಿಗೆ ಒಣಗುವ ತನಕ ಎಡಗೈ ಎತ್ತಲು ಬಿಡದೆ ಅಂಗಿ ಹಾಕಿದ್ದೂ ಅವರು. ಚಿಕ್ಕಪ್ಪ ಆಗ ಹಣ್ಣು ತಗೊಂಡು ನೋಡಿಹೋಗಿದ್ದರು, ಅಷ್ಟು ನೆನಪಿದೆ.

ನನಗೆ ಸಿಟ್ಟು ಬಂದಿದ್ದು ಯಾರೋ ಒಬ್ಬರ ಮೇಲಲ್ಲ. ಸಾವಿನ ಮನೆಯಲ್ಲಿ ಪ್ರಶ್ನೆಗಳು ಹೋಗುವ ದಾರಿಯೇ ವಿಚಿತ್ರ. ಭಟ್ಟರನ್ನು ಕೇಳುತ್ತಾರೆ, ಹಿರಿಮಗನನ್ನು ಕೇಳುತ್ತಾರೆ, ಊರಿನ ಹಿರಿಯರನ್ನು ಕೇಳುತ್ತಾರೆ. ಮಾತ್ರೆ ಎಣಿಸಿ ಕೊಟ್ಟವರನ್ನು, ಬೆನ್ನು ತಿಕ್ಕಿದವರನ್ನು ಕೇಳುವುದಿಲ್ಲ. ಆ ದೇಹದ ವಿಷಯ ಗೊತ್ತಿರುವುದು ಅವರಿಗೇ ಅಲ್ವಾ? ಮಗನೇ ಬೆಂಕಿ ಇಡಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಬೆಂಕಿ ಯಾರು ಇಡಬೇಕು ಅನ್ನುವುದರ ಮೇಲೆ ನಮ್ಮಲ್ಲಿ ಅರ್ಧ ದಿನ ಮಾತಾಗುತ್ತದೆ. ಕಣ್ಣು ದಾನ ಮಾಡುವುದಿದ್ದರೆ ಸತ್ತ ಆರು ಗಂಟೆಯೊಳಗೆ ತೆಗೆಯಬೇಕು, ಆ ಸಮಯವೂ ಇಂಥ ಮಾತಿನಲ್ಲೇ ಹೋಗುತ್ತದೆ. ದೊಡ್ಡಪ್ಪನಿಗೆ ಆ ಆಸೆ ಇತ್ತು ಅಂತ ಅತ್ತಿಗೆಯೇ ಹೇಳಿದರು, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಯಾರೂ ಕೇಳದೆ.

ಅಂತೂ ಕತ್ತಲಾಗುವ ಹೊತ್ತಿಗೆ ಸಂಸ್ಕಾರ ಮುಗಿಯಿತು. ಮರಣ ನೋಂದಣಿಗೆ 21 ದಿನದ ಅವಕಾಶ ಇದೆ, ಆ ಅರ್ಜಿಯನ್ನೂ ಅತ್ತಿಗೆ ಆಗಲೇ ತುಂಬಿಟ್ಟಿದ್ದಾರೆ.

ಈಗ ಅಸ್ಥಿಯ ಚರ್ಚೆ ನಡೆಯುತ್ತಿದೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವಲ್ಲಿ ಬಿಡೋಣ ಅನ್ನುವವರು ಒಂದು ಕಡೆ, ಗೋಕರ್ಣವೇ ಆಗಬೇಕು ಅನ್ನುವವರು ಇನ್ನೊಂದು ಕಡೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮೂರು ಹೊತ್ತೂ ಅದೇ. ದೊಡ್ಡಪ್ಪ ಇದರ ಬಗ್ಗೆ ಏನಾದರೂ ಹೇಳಿದ್ದರಾ ಅಂತ ಅತ್ತಿಗೆಯನ್ನು ಕೇಳಿ ಎಂದು ನಾನು ಬರೆದೆ. ಅತ್ತಿಗೆ ಆ ಗ್ರೂಪಿನಲ್ಲೇ ಇಲ್ಲವಂತೆ. ಸೇರಿಸಿ ಎಂದಿದ್ದೇನೆ. ಅಡ್ಮಿನ್ ಚಿಕ್ಕಪ್ಪ, ಇನ್ನೂ ಉತ್ತರ ಬಂದಿಲ್ಲ.