4 ಗಂಟೆ 8 ನಿಮಿಷಕ್ಕೆ ಮಹಿಷಾಸುರ ಮೂಕ ಆಗಿದ್ದ

ಕುಂದಾಪುರದ ಕಡೆ ಒಂದು ವಿಡಿಯೋ ಅಂಗಡೀಲಿ ಎಡಿಟಿಂಗ್ ನನ್ ಕೆಲ್ಸ. ಮದ್ವೆ ಸೀಸನ್ ಒಂದು ಕಡೆ, ಇನ್ನೊಂದು ಕಡೆ ಹರಕೆ ಆಟ, ಅಂದ್ರೆ ಹರಕೆಗೆ ಆಡ್ಸೋ ರಾತ್ರಿಯಿಡೀ ಯಕ್ಷಗಾನ. ರಾತ್ರಿ ಒಂಬತ್ತೂವರೆಗೆ ರೆಕಾರ್ಡ್ ಒತ್ತಿದ್ರೆ ಬೆಳಗಿನ ಜಾವ ಐದೂವರೆವರೆಗೂ ಕ್ಯಾಮೆರಾ ಓಡ್ತಾನೇ ಇರ್ಬೇಕು, ಅಂದ್ರೆ ಎಂಟು ಗಂಟೆ. ಕ್ಯಾಮೆರಾ ಹೆಂಗೂ ತುಂಡು ತುಂಡು ಕ್ಲಿಪ್ ಕೊಡುತ್ತೆ, ಅದು ಅಭ್ಯಾಸ ಆಗಿದೆ. ಆಡಿಯೋ ಮಾತ್ರ ಮೈಕ್‌ನವ್ರ ಮಿಕ್ಸರಿಂದ ಬೇರೆ ರೆಕಾರ್ಡರ್‌ಗೆ ತಗೊಂಡು, ಅದರ ತುಂಡುಗಳನ್ನ ಎಫ್‌ಎಫ್‌ಎಂಪೆಗ್ ಅನ್ನೋ ಕಮಾಂಡ್ ಟೈಪ್ ಮಾಡಿ ಓಡ್ಸೋ ಸಾಫ್ಟ್‌ವೇರ್‌ನಲ್ಲಿ ಒಂದೇ ವೇವ್ (WAV) ಆಡಿಯೋ ಫೈಲ್ ಮಾಡಿ ಟೈಮ್‌ಲೈನ್‌ಗೆ ಹಾಕೋದು ನಮ್ ಪದ್ಧತಿ.

ಹಿಂಗೆ ಹಾಕಿ ಓಡಿಸಿ ನೋಡಿದ್ರೆ ಮಹಿಷಾಸುರ ಜನದ ಮಧ್ಯದಿಂದ ದೀವಟಿಗೆ ಹಿಡ್ಕೊಂಡು ಅಬ್ಬರಿಸ್ಕೊಂಡು ಬರ್ತಿದಾನೆ, ಸೌಂಡೇ ಇಲ್ಲ! ಚೆಂಡೆ ಇಲ್ಲ, ಏನೂ ಇಲ್ಲ. ಆಡಿಯೋ ಅಲ್ಲಿಗೇ ಮುಗ್ದಿದೆ. ಓನರ್ ಬಂದು ನೋಡಿ "ಎಂತ ಮಾರಾಯ, ಮಹಿಷಾಸುರನ ಬಾಯಿಗೆ ಬೀಗ ಹಾಕಿದ್ಯಾ" ಅಂದ್ರು.

ನಾನು ಮೊದ್ಲು ಮೈಕ್‌ನವ್ರನ್ನ ಬೈದೆ, ಆಮೇಲೆ ರೆಕಾರ್ಡರ್ ಕಾರ್ಡನ್ನ, ಆಮೇಲೆ ಎಡಿಟಿಂಗ್ ಸಾಫ್ಟ್‌ವೇರನ್ನ. ಕ್ಯಾಶ್ ಕ್ಲಿಯರ್ ಮಾಡಿದೆ, ಸಾಫ್ಟ್‌ವೇರ್ ತೆಗ್ದು ಮತ್ತೆ ಹಾಕಿದೆ, ಅರ್ಧ ದಿನ ಹೋಯ್ತು. ಕೊನೆಗೆ ಸುಮ್ನೆ ಫೈಲ್ ಪ್ರಾಪರ್ಟೀಸ್ ತೆಗೆದ್ರೆ ಸೈಜ್ 7.72 ಜಿಬಿ ಇದೆ, ಉದ್ದ ನೋಡಿದ್ರೆ 4 ಗಂಟೆ 8 ನಿಮಿಷ. ಅಂದ್ರೆ ಧ್ವನಿ ಪೂರ್ತಿ ಒಳಗಿದೆ, ಯಾರೂ ಅದನ್ನ ಓದ್ತಿಲ್ಲ ಅಷ್ಟೇ.

ಕ್ಯಾಲ್ಕುಲೇಟರ್ ತಗೊಂಡೆ. ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದು 3 ಬೈಟು, ಎರಡು ಚಾನೆಲ್, ಒಟ್ಟು ಸೆಕೆಂಡಿಗೆ 2,88,000 ಬೈಟು. ವೇವ್ ಫೈಲ್ ತನ್ನ ಸೈಜನ್ನ ತಲೆಭಾಗದಲ್ಲಿ 32 ಬಿಟ್‌ನಲ್ಲಿ ಬರ್ಕೊಳ್ಳುತ್ತೆ, ಅದ್ರಲ್ಲಿ 4 ಜಿಬಿಗಿಂತ ದೊಡ್ಡ ಸಂಖ್ಯೆ ಹಿಡಿಯೋದೇ ಇಲ್ಲ. 4 ಜಿಬಿ ಭಾಗಿಸಿದ್ರೆ 14,913 ಸೆಕೆಂಡು, ಅಂದ್ರೆ 4 ಗಂಟೆ 8 ನಿಮಿಷ 33 ಸೆಕೆಂಡು. ಒಂಬತ್ತೂವರೆಗೆ ಶುರು ಮಾಡಿದ್ದು, ರಾತ್ರಿ 1.38ಕ್ಕೆ ಸರಿಯಾಗಿ ಮಹಿಷಾಸುರನ ಪ್ರವೇಶ. ನಾಚಿಕೆ ವಿಷ್ಯ ಏನಂದ್ರೆ ಎಫ್‌ಎಫ್‌ಎಂಪೆಗ್ ಕೊನೇ ಸಾಲಲ್ಲಿ 'ಈ ಸೈಜು ವೇವ್‌ಗೆ ಆಗಲ್ಲ, ಫೈಲ್ ಕೆಡುತ್ತೆ' ಅಂತ ಬರೆದೇ ಇತ್ತು, ನಾನು ವಿಂಡೋ ಮುಚ್ಚಿ ಟೀ ಕುಡಿಯಕ್ಕೆ ಹೋಗಿದ್ದೆ.

ಆರ್‌ಎಫ್64 ಅಂದ್ರೆ 4 ಜಿಬಿ ಮೀರಿದ ಸೈಜನ್ನೂ ಬರ್ಕೊಳ್ಳೋ ವೇವ್ ರೂಪ. ಎಫ್‌ಎಫ್‌ಎಂಪೆಗ್ ಕಮಾಂಡಲ್ಲಿ ಆ ಆಪ್ಷನ್ನು ಆಟೋ ಅಂತ ಹಾಕಿದ್ಮೇಲೆ ಪೂರ್ತಿ ಎಂಟು ಗಂಟೆ ಬಂತು. ಅದು ಡೀಫಾಲ್ಟಾಗಿ ಆಫ್ ಇರುತ್ತೆ, ನೀವೇ ಕೊಡ್ಬೇಕು. ನಿಮ್ಮ ಎಡಿಟರ್ ಆರ್‌ಎಫ್64 ಓದ್ಲಿಲ್ಲ ಅಂದ್ರೆ ಎರಡೆರಡು ಗಂಟೆ ತುಂಡು ಮಾಡ್ಕೊಳ್ಳಿ, ತಲೆನೋವಿಲ್ಲ.

ಇಷ್ಟಕ್ಕೆ ಮುಗೀಲಿಲ್ಲ. ಹರಕೆ ಮನೆಯವ್ರಿಗೆ ವಿಡಿಯೋ ಪೆನ್‌ಡ್ರೈವಲ್ಲಿ ಬೇಕು, ಅವ್ರ ಮನೆ ಟಿವಿ ಹಳೇದು, ಫ್ಯಾಟ್32 ಅನ್ನೋ ಹಳೇ ಡ್ರೈವ್ ಫಾರ್ಮ್ಯಾಟ್ ಬಿಟ್ಟು ಬೇರೆ ಏನೂ ಓದಲ್ಲ. ಕಾಪಿ ಹಾಕಿದ್ರೆ ಫೈಲ್ ದೊಡ್ಡದಾಯ್ತು ಅಂತ ಎರರ್, 64 ಜಿಬಿ ಡ್ರೈವ್ ಖಾಲಿ ಬಿದ್ದಿದೆ! ಅದೇ 4 ಜಿಬಿ, ವೇಷ ಮಾತ್ರ ಬೇರೆ: ಫ್ಯಾಟ್32ನಲ್ಲಿ ಒಂದೊಂದು ಫೈಲೂ ಅದ್ರೊಳಗೇ ಇರ್ಬೇಕು. ಬಿಟ್‌ರೇಟ್ ಇಳಿಸಿ ಎಂಟು ಗಂಟೇನ ಒಂದೇ ಫೈಲಲ್ಲಿ ತುರುಕಿದ್ರೆ ಸೆಕೆಂಡಿಗೆ 1.2 ಮೆಗಾಬಿಟ್ ಕೂಡ ಸಿಗಲ್ಲ, ಕಿರೀಟ ಎಲ್ಲ ಕಲಸಿ ಹೋಗುತ್ತೆ. 8 ಮೆಗಾಬಿಟ್ಟೇ ಇಟ್ಕೊಂಡ್ರೆ ಒಂದು ಫೈಲಿಗೆ 71 ನಿಮಿಷ ಹಿಡಿಯುತ್ತೆ, ಆಡಿಯೋಗೂ ಜಾಗ ಬೇಕಲ್ಲ, ಅದಕ್ಕೆ 65 ನಿಮಿಷದ ಒಳಗೆ ಎಂಟು ಭಾಗ ಮಾಡಿದೆ.

ಮೊದಲ ಸಲ ಗಡಿಯಾರ ನೋಡ್ಕೊಂಡು ಸಮ ಸಮ ಕತ್ತರಿಸಿದ್ದೆ. ಓನರ್ ನಾಲ್ಕನೇ ಭಾಗ ಹಾಕಿ ನೋಡಿ ನನ್ ಮುಖ ನೋಡಿದ್ರು. ಏರು ಪದ್ಯದ ಮಧ್ಯಕ್ಕೇ ಕಟ್. ಮತ್ತೆ ಕೂತು ಪದ್ಯ ಹಾಡೋ ಭಾಗವತ್ರು ಬದಲಾಗೋ ಜಾಗ, ಪದ್ಯ ಮುಗಿಯೋ ಜಾಗ ಹುಡುಕಿ ಕತ್ತರಿಸಿದೆ. ಮಹಿಷಾಸುರ ಈ ಸಲ ಪೂರ್ತಿ ಒಂದೇ ಫೈಲಲ್ಲಿದ್ದಾನೆ.