ದುವ, ದುವ ದುವ

ಕೊಲಂಬೊ ಪಕ್ಕದ ನುಗೇಗೊಡದಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ಮಹಡಿ ಮೇಲೆ ನಾನು, ಕೆಳಗೆ ಓನರ್ ಆಂಟಿ. ಒಂದು ಬೆಳಿಗ್ಗೆ ಜೋರು ಮಳೆ. 138ನೇ ನಂಬರ್ ಬಸ್ ತಪ್ಪಿಹೋಗುತ್ತೆ ಅಂತ ದಡಬಡ ಮೆಟ್ಟಿಲಿಳಿದೆ. ಅಡುಗೆಮನೆ ಕಿಟಕಿಯಿಂದ ಆಂಟಿ ಕೂಗಿದರು: "ದುವ, ದುವ ದುವ ಯನ್ನ ಎಪಾ!"

ಸಿಂಹಳ ಭಾಷೆಯಲ್ಲಿ ದುವ ಅಂದರೆ ಮಗಳು. ನನ್ನನ್ನು ಯಾವಾಗಲೂ ಹಾಗೇ ಕರೆಯುತ್ತಿದ್ದರು. ಮೂರು ಮೂರು ಸಲ ಯಾಕೆ ಕೂಗಿದರು ಅಂತ ಗಾಬರಿಯಾಗಿ ಅಲ್ಲೇ ನಿಂತೆ. ಸಂಜೆ ಬಿಡಿಸಿ ಹೇಳಿದರು. ಮೊದಲನೇ ದುವ ಮಾತ್ರ ನಾನು. ಆಮೇಲಿನ ಎರಡೂ 'ಓಡು' ಅನ್ನುವ ಮಾತು. "ಮಗಳೇ, ಓಡ್ತಾ ಓಡ್ತಾ ಹೋಗಬೇಡ" ಅಂದಿದ್ದರು.

ನಾವೂ ಹೀಗೇ ಹೇಳ್ತೀವಲ್ಲ ಅಂದುಕೊಂಡೆ. ಪೂರ್ತಿ ಹೀಗೇ ಅಲ್ಲ ಅಂತ ಗೊತ್ತಾಗಿದ್ದು ನಾನೇ ಮಾತಾಡೋಕೆ ಹೊರಟಾಗ. ಒಂದು ದಿನ ಆಫೀಸಿಂದ ತಡವಾಗಿ ಬಂದು, "ಬಸ್ ಎಕ ಎನಕಲ್ ಬಲ ಹಿಟಿಯಾ" ಅಂದೆ. ಬಸ್ ಬರೋವರೆಗೂ ನೋಡ್ತಾ ನಿಂತಿದ್ದೆ ಅನ್ನಬೇಕಿತ್ತು. ಆಂಟಿ ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿ, "ಬಲ ಬಲ" ಅಂದರು. ನಾನು ಮತ್ತೆ "ಬಲ" ಅಂದೆ. "ಬಲ ಬಲ!" ಎರಡು ಬೆರಳು ಎತ್ತಿ ತೋರಿಸಿದರು.

ಕನ್ನಡದಲ್ಲಿ 'ನೋಡ್ತಾ ನಿಂತೆ' ಅಂದರೂ ಸಾಕು. 'ತಾ' ಅನ್ನೋದೇ ಕೆಲಸ ಮಾಡಿಬಿಡುತ್ತೆ. ಎರಡು ಸಲ ಹೇಳೋದು ನಮ್ಮ ಇಷ್ಟ. ಸಿಂಹಳದ ಆಡುಮಾತಿನಲ್ಲಿ ಆ 'ತಾ' ಮಾಡುವ ಕೆಲಸವನ್ನು ಎರಡು ಸಲ ಹೇಳೋದೇ ಮಾಡುತ್ತೆ. ಒಂದನ್ನು ತೆಗೆದರೆ ಮಾತು ಕುಂಟುತ್ತೆ. ಅಳ್ತಾ ಅನ್ನೋಕೆ ಅಂಡ ಅಂಡಾ. ಹೇಳ್ತಾ ಅನ್ನೋಕೆ ಕಿಯ ಕಿಯಾ. ತಿನ್ನುವುದಕ್ಕೆ ಇರೋದು 'ಕ' ಅನ್ನೋ ಒಂದೇ ಅಕ್ಷರ, ಅದೂ ಜೋಡಿಯಾಗಿ 'ಕಕಾ' ಆಗುತ್ತೆ. ಕುಡಿಯುತ್ತಾ ಅಂದರೆ 'ಬಿಬೀ'. "ಕಕಾ ಕತಾ ಕರನ್ನ ಎಪಾ" ಅಂದರೆ ತಿಂತಾ ಮಾತಾಡಬೇಡ. ಇದನ್ನು ನಾನು ಬಹಳ ಸಲ ಕೇಳಿದ್ದೇನೆ.

ಬರವಣಿಗೆಯ ಸಿಂಹಳಕ್ಕೆ ಬೇರೆ ದಾರಿ ಇದೆ. ಅಲ್ಲಿ 'ಮಿನ್' ಅಂತ ಬಾಲ ಸೇರಿಸಿ 'ಬಲಮಿನ್', 'ಕಮಿನ್' ಅಂತಾರೆ. ಪೇಪರಿನಲ್ಲಿ ಬಲಮಿನ್, ಅಡುಗೆಮನೆಯಲ್ಲಿ ಬಲ ಬಲ. ನನಗೆ ಅಡುಗೆಮನೆಯದೇ ಜಾಸ್ತಿ ಇಷ್ಟ. ನೋಡ್ತಾ ನಿಂತವರ ಹೊತ್ತು ಹೇಗೆ ಎಳೆಯುತ್ತೋ, ಮಾತೂ ಹಾಗೇ ಎಳೆಯುತ್ತೆ ಅಲ್ವಾ?

ಸಿಂಹಳ ಹಿಂದಿ, ಮರಾಠಿ ಬಳಗದ ಭಾಷೆ. ಕನ್ನಡಕ್ಕೆ ರಕ್ತಸಂಬಂಧ ಅಲ್ಲ. ಆದರೂ ನೆರೆಹೊರೆಯಲ್ಲಿ ಬಾಳಿದ ಭಾಷೆಗಳು ಒಂದಕ್ಕೊಂದು ಹೋಲುತ್ತವೆ. ನಮ್ಮ ಕೊಡಗಿಗೆ ಬಂದು ಕೊಡವ ಭಾಷೆ ಕಲಿತ ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1956ರಲ್ಲೇ ಭಾರತವನ್ನು ಒಂದು ಭಾಷಾ ವಲಯ ಅಂತ ಕರೆದು ಬರೆದರು. ಜೋಡಿಮಾತುಗಳನ್ನೇ ನೋಡಿ: ನಮ್ಮ ಬಟ್ಟೆಬರೆಗೆ ಸಿಂಹಳದಲ್ಲಿ ರೆದಿಪಿಳಿ. ಮನೆಮಠಕ್ಕೆ ಗೇದೊರ. ದಡಬಡಕ್ಕೆ ದಡಿಬಿಡಿ. ರಜಕ್ಕೆ ಬೆಂಗಳೂರಿಗೆ ಹೋಗಿ ವಾಪಸ್ ಬಂದರೆ ಆಂಟಿ ಬ್ಯಾಗ್ ನೋಡಿ ಕೇಳೋದು, "ಮೊನ ಮೊನವದ ಗೆನಾವೆ?" ಏನೇನು ತಂದೆ? 'ಏನೇನು' ಅಂತ ಕೇಳೋದರಲ್ಲಿ ಒಂದಕ್ಕಿಂತ ಜಾಸ್ತಿ ಇರುತ್ತೆ ಅನ್ನೋ ಆಸೆ ಇದೆ. ಮೊನ ಮೊನವದದಲ್ಲೂ ಅದೇ ಆಸೆ. ಚಕ್ಕುಲಿ, ಕೋಡುಬಳೆ, ಮೈಸೂರು ಪಾಕ್ ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತಿದ್ದೆ.

ಒಂದು ಸಲ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನ್ ಆಂಟಿ ಕೈಗೆ ಕೊಟ್ಟೆ. ಇವರಿಗೆ ಕನ್ನಡ ಬರಲ್ಲ, ಅಮ್ಮನಿಗೆ ಸಿಂಹಳ ಬರಲ್ಲ. ಅಮ್ಮ ಏನು ಹೇಳಿದರೂ ಆಂಟಿ ತಲೆಯಾಡಿಸಿ "ಹರಿ ಹರಿ" ಅಂದರು. ಫೋನ್ ಇಟ್ಟ ಮೇಲೆ ಅಮ್ಮ ಮೆಸೇಜ್ ಕಳಿಸಿದರು: ದೈವಭಕ್ತೆ ಕಣೇ, ಮಾತಿಗೊಮ್ಮೆ ದೇವರ ಹೆಸರು. ಹರಿ ಅಂದರೆ ಸರಿ ಅಂತ ನಾನು ತಿಳಿಸಿದೆ. ತಕ್ಷಣ ಉತ್ತರ ಬಂತು.

"ಸರಿ ಸರಿ."